ರಸ್ಟ್‌ನಲ್ಲಿ ಬರೆದ ನಿಯೋವಿಮ್ ಪ್ಲಗಿನ್ ಕೆಟ್ಟಾಗ: ದೋಷ ಹಿಡಿಯುವ ಕ್ರಮ

ನಿಯೋವಿಮ್ ಟರ್ಮಿನಲ್‌ನಲ್ಲಿ ಓಡುವ ಒಂದು ಪಠ್ಯ ಎಡಿಟರ್. ಅದರೊಳಗೇ ಇರುವ ಲುವಾ ಎಂಬ ಪುಟ್ಟ ಭಾಷೆಯಲ್ಲಿ ಬರೆದ ಪ್ಲಗಿನ್ ಎಡವಿದರೆ ಪರದೆಯ ಅಡಿಯಲ್ಲಿ ಒಂದು ಕೆಂಪು ಸಾಲು ಮೂಡುತ್ತದೆ, ಕೆಲಸ ಮುಂದುವರಿಯುತ್ತದೆ. ರಸ್ಟ್‌ನಲ್ಲಿ ಬರೆದು ಕಂಪೈಲ್ ಮಾಡಿದ ಪ್ಲಗಿನ್ ಎಡವಿದರೆ ಎಡಿಟರೇ ಬಿದ್ದುಹೋಗಬಹುದು. ಅಂಥ ಪ್ಲಗಿನ್ ಒಂದು ಡೈನಾಮಿಕ್ ಲೈಬ್ರರಿ, ಅಂದರೆ ಓಡುತ್ತಿರುವ ಪ್ರೋಗ್ರಾಮ್ ತನ್ನೊಳಗೆ ತೆರೆದುಕೊಳ್ಳುವ ಕಂಪೈಲ್ ಆದ ಕಡತ. ಎಡಿಟರ್‌ನ ಪ್ರೋಸೆಸ್ ಒಳಗೆ, ಅದರದೇ ಮೆಮೊರಿಯಲ್ಲಿ ಓಡುತ್ತದೆ. ಬಳಸುವವರು ಆ ಹೊತ್ತಿಗೆ ಬರೆಯುತ್ತಿದ್ದ, ಇನ್ನೂ ಉಳಿಸದ ಬರಹವೂ ಅದೇ ಮೆಮೊರಿಯಲ್ಲಿ ಇರುತ್ತದೆ. ಇಂಥ ಪ್ಲಗಿನ್ ಬರೆಯುವವರ ಹೊಣೆ ಆದ್ದರಿಂದಲೇ ದೊಡ್ಡದು.

ಇಲ್ಲಿರುವುದು ರಸ್ಟ್‌ನಲ್ಲಿ ಬರೆದು, ಎಂಲುವಾ ಅಥವಾ ಎನ್‌ವಿಮ್-ಆಕ್ಸಿ ಎಂಬ ಕ್ರೇಟ್ (ರಸ್ಟ್‌ನ ಸಿದ್ಧ ಕೋಡ್ ಕಟ್ಟು) ಮೂಲಕ ನಿಯೋವಿಮ್‌ಗೆ ಜೋಡಿಸಿದ ಪ್ಲಗಿನ್‌ಗಳ ಮಾತು. ಸಿ ಅಥವಾ ಜಿಗ್‌ನಲ್ಲಿ ಬರೆಯುವವರಿಗೂ ಲೈಬ್ರರಿ ತೆರೆಯುವ ತನಕದ ಭಾಗ ಬಹುಮಟ್ಟಿಗೆ ಹಾಗೆಯೇ ಹೊಂದುತ್ತದೆ. ವಿವರಿಸಲು ಅನುಕೂಲವಾಗಲೆಂದು ಪ್ಲಗಿನ್ ಹೆಸರು ‘ಪದಕೋಶ’ ಎಂದು ಇಟ್ಟುಕೊಳ್ಳೋಣ.

ಒಂದು ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ. ದೋಷ ಯಾವ ಹಂತದಲ್ಲಿ ಹುಟ್ಟಿತು ಎಂದು ತಿಳಿಯುವ ತನಕ ರಸ್ಟ್ ಕೋಡ್ ತೆರೆಯಬೇಡಿ. ಕಡತವೇ ಸಿಗಲಿಲ್ಲವೇ, ಸಿಕ್ಕರೂ ತೆರೆಯಲಿಲ್ಲವೇ, ತೆರೆದ ಮೇಲೆ ಕರೆಯುವಾಗ ಬಿದ್ದಿತೇ, ಅಥವಾ ಕರೆ ಸರಿಯಾಗಿ ನಡೆದು ಅದಕ್ಕೆ ಕೊಟ್ಟ ಪಠ್ಯ ಎಡವಟ್ಟು ಮಾಡಿತೇ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಹುಡುಕಾಟದ ಮುಕ್ಕಾಲು ಪಾಲು ಮುಗಿದಂತೆ. ಲಿಂಕರ್‌ನ (ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಉಪಕರಣದ) ತಪ್ಪಿಗೆ ಕೋಡ್ ತಿದ್ದುತ್ತಾ ಕೂರುವವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೊದಲು ಬರಹ ಉಳಿಸಿಕೊಳ್ಳಿ

ಎಡಿಟರ್ ಬಿದ್ದ ಕೂಡಲೇ ಅದೇ ಕಡತದ ಮೇಲೆ ಪ್ರಯೋಗಕ್ಕೆ ಇಳಿಯಬಾರದು. ನಿಯೋವಿಮ್ ತೆರೆದ ಕಡತಕ್ಕೊಂದು ಸ್ವಾಪ್ ಕಡತ ಇಟ್ಟುಕೊಂಡಿರುತ್ತದೆ. ಯಾವ ಸೆಟ್ಟಿಂಗ್ ಬದಲಿಸದಿದ್ದರೆ 200 ಅಕ್ಷರ ಒತ್ತಿದ ಮೇಲೆ, ಇಲ್ಲವೇ 4 ಸೆಕೆಂಡ್ ಏನೂ ಒತ್ತದೆ ಇದ್ದಾಗ ಅದನ್ನು ಡಿಸ್ಕ್‌ಗೆ ಬರೆಯುತ್ತದೆ. ‘ಎನ್‌ವಿಮ್ -ಆರ್’ ಎಂದು ಕೊಟ್ಟು ಮುಂದೆ ಕಡತದ ಹೆಸರು ಬರೆದರೆ ಅಲ್ಲಿಯವರೆಗಿನ ಬರಹ ಮರಳಿ ಬರುತ್ತದೆ. ಬೇರೆ ಹೆಸರಿನಲ್ಲಿ ಉಳಿಸಿಟ್ಟು ಮುಂದಿನ ಕೆಲಸ ನೋಡಿ.

ಆಮೇಲೆ ‘ಎನ್‌ವಿಮ್ --ಕ್ಲೀನ್’ ಎಂದು ತೆರೆದು, ರನ್‌ಟೈಮ್‌ಪಾತ್‌ಗೆ (ಎಡಿಟರ್ ಪ್ಲಗಿನ್ ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ) ಪದಕೋಶದ ಫೋಲ್ಡರ್ ಒಂದನ್ನೇ ಸೇರಿಸಿ ದೋಷ ಮರುಕಳಿಸುತ್ತದೆಯೇ ನೋಡಿ. ಮರುಕಳಿಸದಿದ್ದರೆ ಇನ್ನೊಂದು ಪ್ಲಗಿನ್ ಅಥವಾ ನಿಮ್ಮ ಸೆಟ್ಟಿಂಗ್ ಇದರಲ್ಲಿ ಕೈ ಆಡಿಸಿದೆ. ಜೊತೆಗೆ ಎಡಿಟರ್‌ನ ಆವೃತ್ತಿಯನ್ನೂ ‘ರಸ್ಟ್‌ಸಿ -ವಿವಿ’ ತೋರಿಸುವ ಹೋಸ್ಟ್ ಸಾಲನ್ನೂ ಬರೆದಿಟ್ಟುಕೊಳ್ಳಿ. ಎರಡೂ ಮುಂದೆ ಬೇಕಾಗುತ್ತವೆ.

‘ಮಾಡ್ಯೂಲ್ ನಾಟ್ ಫೌಂಡ್’

ಈ ಸಂದೇಶದ ಕೆಳಗೆ ಉದ್ದನೆಯ ಪಟ್ಟಿಯೊಂದು ಬರುತ್ತದೆ. ಎಷ್ಟೋ ಜನ ಅದನ್ನು ಓದುವುದೇ ಇಲ್ಲ. ಲುವಾ ಎಲ್ಲೆಲ್ಲಿ ಹುಡುಕಿತು ಎಂಬುದನ್ನು ಅದು ಒಂದೊಂದಾಗಿ ಹೇಳುತ್ತದೆ, ಉತ್ತರವೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ರಸ್ಟ್‌ನ ಬಿಲ್ಡ್ ಉಪಕರಣವಾದ ಕಾರ್ಗೋ ಲಿನಕ್ಸ್‌ನಲ್ಲಿ ಲೈಬ್ರರಿ ಕಟ್ಟಿದಾಗ ಹೆಸರಿನ ಮುಂದೆ ‘ಲಿಬ್’ ಸೇರಿಸಿ ‘ಲಿಬ್‌ಪದಕೋಶ.ಎಸ್‌ಒ’ ಮಾಡುತ್ತದೆ. ಲುವಾ ಹುಡುಕುವುದು ‘ಪದಕೋಶ.ಎಸ್‌ಒ’. ಮ್ಯಾಕ್‌ನಲ್ಲಿ ಕಾರ್ಗೋ ಕೊಡುವ ಕಡತದ ಕೊನೆಯಲ್ಲಿ ‘.ಡೈಲಿಬ್’ ಇರುತ್ತದೆ, ನಿಯೋವಿಮ್ ಅಲ್ಲಿಯೂ ‘.ಎಸ್‌ಒ’ ಕಡತವನ್ನೇ ಕೇಳುತ್ತದೆ. ವಿಂಡೋಸ್‌ನಲ್ಲಿ ಮಾತ್ರ ‘.ಡಿಎಲ್‌ಎಲ್’, ಮುಂದೆ ‘ಲಿಬ್’ ಇಲ್ಲ. ಕಡತವನ್ನು ಸರಿಯಾದ ಹೆಸರಿನಲ್ಲಿ ಪ್ಲಗಿನ್‌ನ ‘ಲುವಾ’ ಫೋಲ್ಡರ್‌ಗೆ ನಕಲಿಸಿದರೆ ಕೆಲಸ ಆಯಿತು.

ಟಾರ್ಗೆಟ್ ಫೋಲ್ಡರ್‌ನಲ್ಲಿ ‘.ಎಸ್‌ಒ’ ಹುಟ್ಟಿಯೇ ಇಲ್ಲ, ಬರೀ ‘.ಆರ್‌ಲಿಬ್’ ಇದೆ ಎಂದರೆ ಕಾರ್ಗೋ.ಟೋಮಲ್‌ನ ಲಿಬ್ ವಿಭಾಗದಲ್ಲಿ ಕ್ರೇಟ್-ಟೈಪ್ ‘ಸಿಡೈಲಿಬ್’ ಎಂದು ಬರೆಯುವುದು ಮರೆತಿದೆ. ಬರೆದೂ ಬರಲಿಲ್ಲವೇ? ಮಸಲ್ (ಲಿನಕ್ಸ್‌ನ ಇನ್ನೊಂದು ಸಿ ಲೈಬ್ರರಿ) ಟಾರ್ಗೆಟ್‌ಗೆ ಕಟ್ಟುತ್ತಿದ್ದೀರಾ ನೋಡಿ. ಅದು ಮೊದಲಿನಿಂದಲೇ ಎಲ್ಲವನ್ನೂ ಸ್ಟ್ಯಾಟಿಕ್ ಆಗಿ ಜೋಡಿಸಲು ಹೊರಡುತ್ತದೆ. ಸಿಡೈಲಿಬ್ ಅನ್ನು ಕೈಬಿಟ್ಟಿದ್ದೇನೆ ಎಂದು ಒಂದು ಎಚ್ಚರಿಕೆಯ ಸಾಲು ಬರೆದು ಮುಂದೆ ಹೋಗಿಬಿಡುತ್ತದೆ.

ಸಿಕ್ಕಿತು, ತೆರೆಯಲಿಲ್ಲ

‘ಅನ್‌ಡಿಫೈನ್ಡ್ ಸಿಂಬಲ್’ ಎಂದು ಬಂದರೆ ಯಾವ ಹೆಸರು ಕಾಣೆಯಾಗಿದೆ ಎಂದು ನೋಡಿ. ಆ ಒಂದು ಹೆಸರೇ ದಾರಿ ತೋರಿಸುತ್ತದೆ.

ಕಾಣೆಯಾದದ್ದು ‘ಲುವಾಓಪನ್_ಪದಕೋಶ’ ಎಂದಿದ್ದರೆ ದೋಷ ನಿಮ್ಮದೇ ಲೈಬ್ರರಿಯಲ್ಲಿದೆ. ಲುವಾ ಒಂದು ಲೈಬ್ರರಿಯನ್ನು ತೆರೆದ ಮೇಲೆ ‘ಲುವಾಓಪನ್_’ ಎಂಬುದರ ಮುಂದೆ ಮಾಡ್ಯೂಲ್ ಹೆಸರು ಸೇರಿಸಿ ಆ ಫಂಕ್ಷನ್‌ಗಾಗಿ ಹುಡುಕುತ್ತದೆ. ಎಂಲುವಾದ ‘ಲುವಾ_ಮಾಡ್ಯೂಲ್’ ಗುರುತಾಗಲಿ, ಎನ್‌ವಿಮ್-ಆಕ್ಸಿಯ ‘ಪ್ಲಗಿನ್’ ಗುರುತಾಗಲಿ, ಅದರ ಕೆಳಗಿನ ರಸ್ಟ್ ಫಂಕ್ಷನ್‌ನ ಹೆಸರನ್ನೇ ಇದಕ್ಕೆ ಬಳಸುತ್ತದೆ. ಫಂಕ್ಷನ್‌ಗೆ ‘ಮೇನ್’ ಎಂದು ಹೆಸರಿಟ್ಟು ಕಡತಕ್ಕೆ ‘ಪದಕೋಶ’ ಎಂದಿಟ್ಟರೆ ಎರಡೂ ಭೇಟಿಯಾಗುವುದಿಲ್ಲ. ಮಾಡ್ಯೂಲ್ ಹೆಸರಿನಲ್ಲಿ ಚುಕ್ಕಿ ಇದ್ದರೆ ಅದು ಅಡಿಗೆರೆ (_) ಆಗುತ್ತದೆ. ಅಡ್ಡಗೆರೆ (-) ಇದ್ದರೆ ಇನ್ನೂ ವಿಚಿತ್ರ: ಲುವಾ 5.1ರ ನಿಯಮದ ಪ್ರಕಾರ ಮೊದಲ ಅಡ್ಡಗೆರೆಯವರೆಗಿನ ಭಾಗವನ್ನು ಕಿತ್ತು ಹಾಕಲಾಗುತ್ತದೆ. ‘ಪದ-ಕೋಶ’ ಎಂದು ಕೇಳಿದರೆ ಲುವಾ ಹುಡುಕುವುದು ‘ಲುವಾಓಪನ್_ಕೋಶ’. ಹೆಸರಿನಲ್ಲಿ ಅಡ್ಡಗೆರೆ ಬೇಡವೇ ಬೇಡ ಎಂಬುದು ನನ್ನ ಸಲಹೆ. ಲೈಬ್ರರಿ ಯಾವ ಹೆಸರುಗಳನ್ನು ಹೊರಗೆ ತೋರಿಸುತ್ತಿದೆ ಎಂದು ಲಿನಕ್ಸ್‌ನಲ್ಲಿ ‘ಎನ್‌ಎಂ -ಡಿ’, ಮ್ಯಾಕ್‌ನಲ್ಲಿ ‘ಎನ್‌ಎಂ -ಜಿಯು’ ಕಮಾಂಡ್ ಹೇಳುತ್ತದೆ. ಮ್ಯಾಕ್‌ನಲ್ಲಿ ಪ್ರತಿ ಹೆಸರಿನ ಮುಂದೆ ಒಂದು ಹೆಚ್ಚುವರಿ ಅಡಿಗೆರೆ ಕಾಣುವುದು ಸಹಜ.

ಕಾಣೆಯಾದದ್ದು ‘ಲುವಾ_ರೊಟೇಟ್’ ಅಥವಾ ‘ಲುವಾ_ಕಾಲ್‌ಕೆ’ ಎಂದಿದ್ದರೆ ಕಥೆ ಬೇರೆ. ನಿಯೋವಿಮ್ ಸಾಮಾನ್ಯವಾಗಿ ಒಳಗಿಟ್ಟುಕೊಂಡಿರುವುದು ಲುವಾಜಿಟ್, ಅದು ಅನುಸರಿಸುವುದು ಲುವಾ 5.1 ಅನ್ನು. ‘ಲುವಾ_ಕಾಲ್‌ಕೆ’ ಬಂದದ್ದು 5.2ರಲ್ಲಿ, ‘ಲುವಾ_ರೊಟೇಟ್’ 5.3ರಲ್ಲಿ. ಎಂಲುವಾದ ಆಯ್ಕೆಗಳಲ್ಲಿ ‘ಲುವಾ54’ನಂಥದ್ದನ್ನು ಬರೆದಿದ್ದೀರಿ ಎಂದರ್ಥ. ‘ಲುವಾಜಿಟ್’ ಮತ್ತು ‘ಮಾಡ್ಯೂಲ್’ ಎರಡನ್ನೂ ಬರೆಯಬೇಕು. ‘ವೆಂಡರ್ಡ್’ ಆಯ್ಕೆ ಇಲ್ಲಿಗೆ ಸಲ್ಲದು. ಅದು ಲುವಾದ ಇನ್ನೊಂದು ಪ್ರತಿಯನ್ನು ಲೈಬ್ರರಿಯೊಳಗೆ ತುಂಬಲು ಇರುವಂಥದ್ದು, ನಮಗೆ ಬೇಕಾದದ್ದು ಎಡಿಟರ್‌ನಲ್ಲಿ ಆಗಲೇ ಓಡುತ್ತಿರುವ ಲುವಾ.

ಮ್ಯಾಕ್‌ನಲ್ಲಿ ಇದೇ ‘ಲುವಾ_’ ಹೆಸರುಗಳ ದೂರು ಎಡಿಟರ್ ತೆರೆಯುವುದಕ್ಕೂ ಮುಂಚೆ, ಲಿಂಕ್ ಮಾಡುವಾಗಲೇ ಬರುತ್ತದೆ. ಲಿನಕ್ಸ್ ಲಿಂಕರ್ ‘ಓಡುವಾಗ ಸಿಗುತ್ತದೆ ಬಿಡಿ’ ಎಂದು ಒಪ್ಪಿಕೊಳ್ಳುತ್ತದೆ, ಆಪಲ್‌ನ ಲಿಂಕರ್ ಒಪ್ಪುವುದಿಲ್ಲ. ಪ್ರಾಜೆಕ್ಟ್‌ನ ‘.ಕಾರ್ಗೋ’ ಫೋಲ್ಡರ್‌ನ ಕಾನ್ಫಿಗ್ ಕಡತದಲ್ಲಿ ಮ್ಯಾಕ್ ಟಾರ್ಗೆಟ್‌ಗಳಿಗೆ ‘-ಅನ್‌ಡಿಫೈನ್ಡ್’ ಮತ್ತು ‘ಡೈನಾಮಿಕ್_ಲುಕಪ್’ ಎಂಬ ಎರಡು ಲಿಂಕ್ ಆರ್ಗ್ಯುಮೆಂಟ್ ಸೇರಿಸಿದರೆ ಸುಮ್ಮನಾಗುತ್ತದೆ.

‘ಜಿಲಿಬ್‌ಸಿ_2.34 ನಾಟ್ ಫೌಂಡ್’ ಎಂಬುದು ಸಿದ್ಧ ಬೈನರಿ ಹಂಚುವವರಿಗೆ ಎದುರಾಗುವ ದೂರು; ಜಿಲಿಬ್‌ಸಿ ಎಂಬುದು ಬಹುತೇಕ ಲಿನಕ್ಸ್‌ಗಳ ಮೂಲ ಸಿ ಲೈಬ್ರರಿ. ಉಬುಂಟು 22.04ರಲ್ಲಿ ಇರುವುದು ಜಿಲಿಬ್‌ಸಿ 2.35, ಉಬುಂಟು 20.04ರಲ್ಲಿ 2.31. ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ತೆರೆಯದೆ ಹೋಗುವುದು ಹೀಗೆ. ನೀವು ಬೆಂಬಲಿಸಬೇಕಾದ ಅತಿ ಹಳೆಯ ವ್ಯವಸ್ಥೆಯ ಕಂಟೇನರ್‌ನಲ್ಲಿ ಕಟ್ಟಿ, ಅಥವಾ ಕಾರ್ಗೋ-ಜಿಗ್‌ಬಿಲ್ಡ್ ಬಳಸಿ ಜಿಲಿಬ್‌ಸಿ ಆವೃತ್ತಿಯನ್ನು ಟಾರ್ಗೆಟ್ ಹೆಸರಿನಲ್ಲೇ ಸೂಚಿಸಿ. ಕಾಲೇಜಿನ ಲ್ಯಾಬ್‌ಗಳಲ್ಲೂ ಕಚೇರಿಯ ಸರ್ವರ್‌ಗಳಲ್ಲೂ ಹಳೆಯ ಲಿನಕ್ಸ್ ಇನ್ನೂ ಓಡುತ್ತಿರುತ್ತದೆ, ಅಲ್ಲಿನ ಬಳಕೆದಾರರನ್ನು ಹೊರಗಿಡುವುದು ನನಗೆ ಒಪ್ಪಿಗೆಯಿಲ್ಲ. ಇನ್ನು ಎಂ-ಸರಣಿಯ ಮ್ಯಾಕ್‌ನಲ್ಲಿ ‘ಇನ್‌ಕಂಪ್ಯಾಟಿಬಲ್ ಆರ್ಕಿಟೆಕ್ಚರ್’ ಎಂದು ಬಂದರೆ ಎಡಿಟರ್ ರೊಸೆಟಾ (ಇಂಟೆಲ್ ಪ್ರೋಗ್ರಾಮ್‌ಗಳನ್ನು ಆರ್ಮ್ ಮ್ಯಾಕ್‌ನಲ್ಲಿ ಓಡಿಸುವ ಆಪಲ್‌ನ ಪದರ) ಮೂಲಕ ಇಂಟೆಲ್ ಬೈನರಿಯಾಗಿ ಓಡುತ್ತಿದೆ, ಲೈಬ್ರರಿ ಆರ್ಮ್‌ಗೆ ಕಟ್ಟಿದ್ದು. ಎರಡನ್ನೂ ‘ಫೈಲ್’ ಕಮಾಂಡ್‌ನಿಂದ ಪರೀಕ್ಷಿಸಿ.

ಕೋಡ್ ಬದಲಾಯಿತು, ನಡವಳಿಕೆ ಬದಲಾಗಲಿಲ್ಲ

ಲುವಾ ಬರೆದು ಅಭ್ಯಾಸವಾದವರು ‘ಪ್ಯಾಕೇಜ್.ಲೋಡೆಡ್’ ಪಟ್ಟಿಯಿಂದ ಮಾಡ್ಯೂಲ್ ಅಳಿಸಿ ಮತ್ತೆ ‘ರಿಕ್ವೈರ್’ ಮಾಡುತ್ತಾರೆ. ಕಂಪೈಲ್ ಮಾಡಿದ ಮಾಡ್ಯೂಲ್‌ಗೆ ಅದು ಫಲಿಸುವುದಿಲ್ಲ. ಒಮ್ಮೆ ತೆರೆದ ಲೈಬ್ರರಿಯ ಹಿಡಿಕೆಯನ್ನು ಲುವಾ ತನ್ನ ರಿಜಿಸ್ಟ್ರಿಯಲ್ಲಿ ಇಟ್ಟುಕೊಂಡಿರುತ್ತದೆ. ಎರಡನೆಯ ಸಲ ಕೇಳಿದಾಗ ಹಳೆಯದನ್ನೇ ಕೊಡುತ್ತದೆ. ಎಡಿಟರ್ ಮುಚ್ಚಿ ತೆರೆಯುವುದೇ ಉಪಾಯ.

ಎಡಿಟರ್ ಓಡುತ್ತಿರುವಾಗ ಹೊಸ ಲೈಬ್ರರಿಯನ್ನು ಹಳೆಯದರ ಮೇಲೆ ‘ಸಿಪಿ’ ಕಮಾಂಡ್‌ನಿಂದ ನಕಲಿಸುವುದು ಇದಕ್ಕಿಂತ ಅಪಾಯಕಾರಿ. ‘ಸಿಪಿ’ ಹೊಸ ಕಡತ ಸೃಷ್ಟಿಸುವುದಿಲ್ಲ, ಇರುವ ಕಡತವನ್ನೇ ಬರಿದು ಮಾಡಿ ಅದರಲ್ಲೇ ಬರೆಯುತ್ತದೆ. ಆ ಕಡತದ ಪುಟಗಳು ಎಡಿಟರ್‌ನ ಮೆಮೊರಿಗೆ ಜೋಡಣೆಯಾಗಿರುವುದರಿಂದ ಲಿನಕ್ಸ್‌ನಲ್ಲಿ ಓಡುತ್ತಿರುವ ಕೋಡ್ ಕಾಲಡಿಯಲ್ಲೇ ಬದಲಾಗಿ ಎಡಿಟರ್ ಬೀಳುತ್ತದೆ. ಎಂ-ಸರಣಿಯ ಮ್ಯಾಕ್‌ನಲ್ಲಿ ಮುಂದಿನ ಸಲ ತೆರೆದಾಗ ‘ಕಿಲ್ಡ್: 9’ ಎಂಬ ಒಂದೇ ಸಾಲು ಬಿಟ್ಟು ಎಡಿಟರ್ ಸಾಯುತ್ತದೆ, ಏಕೆಂದರೆ ಕರ್ನಲ್ ನೆನಪಿಟ್ಟುಕೊಂಡ ಹಳೆಯ ಸಹಿ ಹೊಸ ಕೋಡ್‌ಗೆ ಹೊಂದುವುದಿಲ್ಲ. ಮೊದಲು ‘ಆರ್‌ಎಂ’ ಕೊಟ್ಟು ಹಳೆಯದನ್ನು ಅಳಿಸಿ, ಆಮೇಲೆ ನಕಲಿಸಿ. ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಈ ಎರಡು ಸಾಲು ಶಾಶ್ವತವಾಗಿ ಇರಲಿ.

ಕರೆಯುವಾಗ ಎಡಿಟರ್ ಬಿದ್ದರೆ

ಸರಿಪಡಿಸಲಾಗದ ದೋಷ ಕಂಡು ರಸ್ಟ್ ಕೋಡ್ ತಾನೇ ನಿಲ್ಲುವುದಕ್ಕೆ ಪ್ಯಾನಿಕ್ ಎನ್ನುತ್ತಾರೆ. ಕಾರ್ಗೋ.ಟೋಮಲ್‌ನ ರಿಲೀಸ್ ಪ್ರೊಫೈಲ್‌ನಲ್ಲಿ ‘ಪ್ಯಾನಿಕ್ = ಅಬಾರ್ಟ್’ ಇದೆಯೇ ಎಂದು ಮೊದಲು ನೋಡಿ. ಲೈಬ್ರರಿಯ ಗಾತ್ರ ಕಿರಿದಾಗಲೆಂದು ಬಹಳ ಮಂದಿ ಇದನ್ನು ಹಾಕುತ್ತಾರೆ. ಸ್ವತಂತ್ರ ಪ್ರೋಗ್ರಾಮ್‌ಗೆ ಅದು ಸರಿ, ಎಡಿಟರ್ ಒಳಗೆ ಓಡುವ ಲೈಬ್ರರಿಗೆ ಖಂಡಿತ ಬೇಡ. ಒಂದು ‘ಅನ್‌ರ‍್ಯಾಪ್’ (ಬೆಲೆ ಸಿಗದಿದ್ದರೆ ಪ್ಯಾನಿಕ್ ಆಗುವ ಕರೆ) ಸೋತರೂ ಇಡೀ ಎಡಿಟರ್ ಮುಗಿಯುತ್ತದೆ. ಅದನ್ನು ತೆಗೆದರೆ ಎಂಲುವಾ ಪ್ಯಾನಿಕ್ ಅನ್ನು ಹಿಡಿದು ಲುವಾ ದೋಷವಾಗಿ ಮಾರ್ಪಡಿಸುತ್ತದೆ, ಬಳಕೆದಾರರಿಗೆ ಕೆಂಪು ಸಾಲು ಮಾತ್ರ ಕಾಣುತ್ತದೆ. ಎಂಲುವಾ ಬಳಸದೆ ‘ಎಕ್ಸ್‌ಟರ್ನ್ ಸಿ’ ಫಂಕ್ಷನ್ ಅನ್ನು ನೀವೇ ಬರೆದಿದ್ದರೆ ಈ ರಕ್ಷಣೆ ಇರುವುದಿಲ್ಲ. ರಸ್ಟ್ 1.81ರಿಂದ ಅಂಥ ಫಂಕ್ಷನ್‌ನಿಂದ ಪ್ಯಾನಿಕ್ ಹೊರಗೆ ಹೋದರೆ ಪ್ರೋಸೆಸ್ ಅಲ್ಲೇ ನಿಲ್ಲುತ್ತದೆ. ಒಳಗೇ ‘ಕ್ಯಾಚ್_ಅನ್‌ವೈಂಡ್’ ಹಾಕಿ ಹಿಡಿಯಿರಿ.

ಪ್ಯಾನಿಕ್‌ನ ಸಂದೇಶ ಸ್ಟ್ಯಾಂಡರ್ಡ್ ಎರರ್‌ಗೆ ಹೋಗುತ್ತದೆ, ಟರ್ಮಿನಲ್ ತುಂಬ ಎಡಿಟರ್ ಇರುವಾಗ ಅದು ಕಣ್ಣಿಗೆ ಬೀಳುವುದಿಲ್ಲ. ಪ್ಲಗಿನ್ ತೆರೆಯುವಾಗಲೇ ಒಂದು ಪ್ಯಾನಿಕ್ ಹುಕ್ ಇಟ್ಟು, ಸಂದೇಶವನ್ನೂ ಬ್ಯಾಕ್‌ಟ್ರೇಸ್ ಅನ್ನೂ (ಬೀಳುವ ಮುನ್ನ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಪಟ್ಟಿ) ನಿಯೋವಿಮ್‌ನ ಲಾಗ್ ಫೋಲ್ಡರ್‌ನ ಕಡತವೊಂದಕ್ಕೆ ಬರೆಸಿ. ದೂರು ಕೊಡುವವರು ‘ಬಿದ್ದುಹೋಯಿತು’ ಎಂದು ಬಿಟ್ಟು ಬೇರೇನೂ ಹೇಳಲಾಗದ ಸ್ಥಿತಿಯಿಂದ ಇದು ಇಬ್ಬರನ್ನೂ ಪಾರುಮಾಡುತ್ತದೆ.

ಪ್ಯಾನಿಕ್ ಅಲ್ಲ, ಸೆಗ್ಮೆಂಟೇಶನ್ ಫಾಲ್ಟ್ (ತನ್ನದಲ್ಲದ ಮೆಮೊರಿ ಮುಟ್ಟಿ ಬೀಳುವುದು) ಎಂದಾದರೆ ಜಿಡಿಬಿ ಎಂಬ ಡಿಬಗರ್ ಬೇಕು. ಇಲ್ಲೊಂದು ತಿರುವು ಇದೆ. ನಿಯೋವಿಮ್ 0.9ರಿಂದ ಪರದೆ ಬಿಡಿಸುವ ಭಾಗ ಬೇರೆ ಪ್ರೋಸೆಸ್ ಆಗಿದೆ. ಪ್ರೋಸೆಸ್ ಪಟ್ಟಿ ತೆಗೆದರೆ ‘ಎನ್‌ವಿಮ್’ ಎಂಬುದೊಂದು, ಅದರ ಮಗುವಾಗಿ ‘ಎನ್‌ವಿಮ್ --ಎಂಬೆಡ್’ ಎಂಬುದೊಂದು ಕಾಣುತ್ತದೆ. ಪ್ಲಗಿನ್ ಇರುವುದು ಎರಡನೆಯದರಲ್ಲಿ. ಮೊದಲನೆಯದಕ್ಕೆ ಜಿಡಿಬಿ ಜೋಡಿಸಿದರೆ ನಿಮ್ಮ ಬ್ರೇಕ್‌ಪಾಯಿಂಟ್ ಎಂದಿಗೂ ತಾಗುವುದಿಲ್ಲ. ಸಿಸ್ಟಮ್‌ಡಿ ಇರುವ ಲಿನಕ್ಸ್‌ನಲ್ಲಿ ಬಿದ್ದ ಮೇಲೆ ‘ಕೋರ್‌ಡಂಪ್‌ಸಿಟಿಎಲ್ ಜಿಡಿಬಿ’ ಸಾಕು. ಬಿಲ್ಡ್ ಪ್ರೊಫೈಲ್‌ನಲ್ಲಿ ‘ಡಿಬಗ್ = ಟ್ರೂ’ ಇರಲಿ, ‘ಸ್ಟ್ರಿಪ್’ ತೆಗೆಯಿರಿ; ಇಲ್ಲದಿದ್ದರೆ ಬರೀ ವಿಳಾಸಗಳ ಸಾಲು ಸಿಗುತ್ತದೆ.

ಬ್ಯಾಕ್‌ಟ್ರೇಸ್‌ನ ಮೇಲ್ತುದಿ ನಿಯೋವಿಮ್‌ನ ಒಳಗಿನ ಫಂಕ್ಷನ್ ಆಗಿದ್ದು, ನೀವು ಎನ್‌ವಿಮ್-ಆಕ್ಸಿ ಬಳಸುತ್ತಿದ್ದರೆ ಆವೃತ್ತಿ ತಾಳೆಯಾಗುತ್ತಿದೆಯೇ ನೋಡಿ. ಅದು ಲುವಾವನ್ನು ಬಳಸಿ ಸುತ್ತಿ ಹೋಗದೆ ಎಡಿಟರ್‌ನ ಸಿ ಫಂಕ್ಷನ್‌ಗಳನ್ನೇ ನೇರವಾಗಿ ಕರೆಯುತ್ತದೆ. ಅವುಗಳ ಆರ್ಗ್ಯುಮೆಂಟ್‌ಗಳು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಬದಲಾಗಬಹುದು. ಅದಕ್ಕೆಂದೇ ಆ ಕ್ರೇಟ್‌ನಲ್ಲಿ ‘ನಿಯೋವಿಮ್-0-10’, ‘ನಿಯೋವಿಮ್-ನೈಟ್ಲಿ’ ಎಂಬಂಥ ಬೇರೆ ಬೇರೆ ಆಯ್ಕೆಗಳಿವೆ. ಒಂದು ಆವೃತ್ತಿಗೆ ಕಟ್ಟಿದ್ದನ್ನು ಇನ್ನೊಂದರಲ್ಲಿ ಓಡಿಸಿದರೆ ಕಂಪೈಲರ್ ಏನೂ ಹೇಳಲಾರದು, ತಪ್ಪು ಗೊತ್ತಾಗುವುದು ಬಿದ್ದ ಮೇಲೆಯೇ. ಹಲವು ಆವೃತ್ತಿಗಳಿಗೆ ಒಂದೇ ಬೈನರಿ ಕೊಡಬೇಕಾದವರು ಎಂಲುವಾ ಮೂಲಕವೇ ಹೋಗುವುದು ಲೇಸು.

ಆಗೊಮ್ಮೆ ಈಗೊಮ್ಮೆ, ಪ್ರತಿಸಲ ಬೇರೆ ಜಾಗದಲ್ಲಿ ಬೀಳುತ್ತಿದ್ದರೆ ಥ್ರೆಡ್ ಮೇಲೆ ಅನುಮಾನ ಪಡಿ. ನಿಯೋವಿಮ್‌ನ ಎಪಿಐಯನ್ನು (ಪ್ಲಗಿನ್‌ಗಳು ಕರೆಯಲೆಂದು ಎಡಿಟರ್ ಕೊಟ್ಟ ಫಂಕ್ಷನ್‌ಗಳನ್ನು) ಮುಖ್ಯ ಥ್ರೆಡ್‌ನಿಂದ ಮಾತ್ರ ಕರೆಯಬೇಕು. ಲುವಾದಲ್ಲಿ ಲಿಬ್‌ಯುವಿ (ನಿಯೋವಿಮ್‌ನ ಈವೆಂಟ್ ಲೂಪ್ ಲೈಬ್ರರಿ) ಕಾಲ್‌ಬ್ಯಾಕ್ ಒಳಗಿಂದ ಕರೆದರೆ ‘ಇ5560’ ಎಂದು ಎಡಿಟರ್ ತಡೆಯುತ್ತದೆ. ರಸ್ಟ್‌ನ ಬೇರೆ ಥ್ರೆಡ್‌ನಿಂದ ನೇರವಾಗಿ ಕರೆದರೆ ತಡೆಯುವವರಿಲ್ಲ. ನಿಮ್ಮ ಕೋಡ್‌ನಲ್ಲಿ ‘ಅನ್‌ಸೇಫ್ ಇಂಪ್ಲ್ ಸೆಂಡ್’ ಎಂದು ಎಲ್ಲಾದರೂ ಇದೆಯೇ ಹುಡುಕಿ. ಕಂಪೈಲರ್ ಬೇಡವೆಂದದ್ದನ್ನು ಬಾಯಿ ಮುಚ್ಚಿಸಿ ಮಾಡಿದ ಜಾಗ ಅದು. ಸರಿಯಾದ ದಾರಿ: ಹಿನ್ನೆಲೆಯ ಥ್ರೆಡ್ ಫಲಿತಾಂಶವನ್ನು ಚಾನೆಲ್‌ಗೆ ಹಾಕಿ, ಲಿಬ್‌ಯುವಿಯ ಅಸಿಂಕ್ ಹ್ಯಾಂಡಲ್ ಮೂಲಕ ಮುಖ್ಯ ಲೂಪ್ ಅನ್ನು ಎಬ್ಬಿಸಬೇಕು, ಅಲ್ಲಿ ‘ಷೆಡ್ಯೂಲ್’ ಮಾಡಿದ ಕಾಲ್‌ಬ್ಯಾಕ್‌ನಲ್ಲಿ ಎಪಿಐ ಕರೆಯಬೇಕು.

ಪ್ರತಿ ಕೀಲಿ ಒತ್ತಿದಾಗಲೂ ಓಡಬೇಕಾದ ಕೆಲಸ ನಿಮ್ಮದಲ್ಲದಿದ್ದರೆ ಪ್ಲಗಿನ್ ಅನ್ನು ಬೇರೆ ಪ್ರೋಸೆಸ್ ಆಗಿ ಓಡಿಸಿ ಮೆಸೇಜ್‌ಪ್ಯಾಕ್-ಆರ್‌ಪಿಸಿ (ಪ್ರೋಸೆಸ್‌ಗಳ ನಡುವೆ ಸಂದೇಶ ಕಳಿಸುವ ಕ್ರಮ) ಮೂಲಕ ಮಾತನಾಡಿಸುವುದು ಹೆಚ್ಚು ಕ್ಷೇಮ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಬಿದ್ದರೂ ಎಡಿಟರ್ ಉಳಿಯುತ್ತದೆ. ಅಲ್ಲಿ ಕಾಡುವ ದೋಷ ಮುಖ್ಯವಾಗಿ ಒಂದೇ: ಸ್ಟ್ಯಾಂಡರ್ಡ್ ಔಟ್‌ಪುಟ್ ಮೂಲಕ ಸಂದೇಶಗಳು ಹೋಗುತ್ತಿರುವಾಗ ಯಾರೋ ಮರೆತ ಒಂದು ‘ಪ್ರಿಂಟ್‌ಎಲ್‌ಎನ್’ ಆ ಸಂದೇಶಗಳ ನಡುವೆ ಸೇರಿ ಸಂಪರ್ಕ ಕಡಿಯುತ್ತದೆ. ಲಾಗ್ ಎಲ್ಲವೂ ಸ್ಟ್ಯಾಂಡರ್ಡ್ ಎರರ್‌ಗೆ ಅಥವಾ ಕಡತಕ್ಕೆ ಹೋಗಲಿ.

ಬೀಳಲಿಲ್ಲ, ಹೆಪ್ಪುಗಟ್ಟಿತು

ಎಡಿಟರ್ ಯಾವ ಕೀಲಿಗೂ ಓಗೊಡುತ್ತಿಲ್ಲವೆಂದರೆ ಇನ್ನೊಂದು ಟರ್ಮಿನಲ್‌ನಿಂದ ಜಿಡಿಬಿ ಜೋಡಿಸಿ ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ ತೆಗೆಯಿರಿ. ಮುಖ್ಯ ಥ್ರೆಡ್‌ನ ತುದಿಯಲ್ಲಿ ‘ಫ್ಯೂಟೆಕ್ಸ್’ ಕಾಯುವಿಕೆ (ಬೀಗಕ್ಕಾಗಿ ಕಾಯುವ ಸ್ಥಿತಿ), ಅದರ ಕೆಳಗೆ ಪದಕೋಶದ ಫಂಕ್ಷನ್, ಅದರ ಕೆಳಗೆ ಎಡಿಟರ್‌ನ ಫಂಕ್ಷನ್‌ಗಳು, ಇನ್ನೂ ಕೆಳಗೆ ಮತ್ತೆ ಪದಕೋಶದ್ದೇ ಫಂಕ್ಷನ್ ಕಂಡರೆ ರೋಗ ಸಿಕ್ಕಿತು. ಮ್ಯೂಟೆಕ್ಸ್ ಬೀಗ ಹಾಕಿಕೊಂಡೇ ಪ್ಲಗಿನ್ ಒಂದು ಬಫರ್ ಅಥವಾ ವಿಂಡೋ ಬದಲಿಸಿದೆ. ಎಡಿಟರ್ ಆ ಕ್ಷಣವೇ ‘ಬಫ್‌ಎಂಟರ್’ ಆಟೋಕಮಾಂಡ್ (ಘಟನೆಯೊಂದು ನಡೆದಾಗ ತಾನೇ ಓಡುವ ಆಜ್ಞೆ) ಹೊರಡಿಸಿದೆ, ಅದು ಮತ್ತೆ ಪ್ಲಗಿನ್ ಒಳಗೆ ಬಂದು ಅದೇ ಬೀಗಕ್ಕಾಗಿ ಕಾಯುತ್ತಿದೆ. ಮ್ಯೂಟೆಕ್ಸ್ ಬದಲು ರೆಫ್‌ಸೆಲ್ ಬಳಸಿದ್ದರೆ ಹೆಪ್ಪುಗಟ್ಟುವ ಬದಲು ‘ಆಲ್ರೆಡಿ ಬಾರೋಡ್’ ಎಂಬ ಪ್ಯಾನಿಕ್ ಬರುತ್ತದೆ, ಮೂಲ ಒಂದೇ. ಬೇಕಾದ ಮಾಹಿತಿಯನ್ನು ಹೊರಗೆ ನಕಲಿಸಿಕೊಂಡು, ಬೀಗ ಬಿಟ್ಟು, ಆಮೇಲೆ ಎಪಿಐ ಕರೆಯಿರಿ. ಎಡಿಟರ್‌ಗೆ ಹೋಗುವ ಪ್ರತಿ ಕರೆಯೂ ನಿಮ್ಮ ಕೋಡ್‌ಗೇ ಮರಳಿ ಬರಬಹುದು ಎಂದು ಎಣಿಸಿಯೇ ಬರೆಯಬೇಕು.

ಇಂಗ್ಲಿಷ್‌ಗೆ ಸರಿ, ಕನ್ನಡಕ್ಕೆ ಪ್ಯಾನಿಕ್

ಲೈಬ್ರರಿ ಸರಿಯಾಗಿ ತೆರೆದು, ಪರೀಕ್ಷೆಗಳೆಲ್ಲ ಪಾಸಾಗಿ, ಕನ್ನಡದ ಕಡತ ತೆರೆದ ಕೂಡಲೇ ಬೀಳುವ ಪ್ಲಗಿನ್‌ಗಳಿವೆ. ನಮ್ಮ ಭಾಷೆಯಲ್ಲಿ ಬರೆಯುವವರಿಗೆ ಎಲ್ಲಕ್ಕಿಂತ ಹತ್ತಿರದ ದೋಷ ಇದು.

‘ಕನ್ನಡ’ ಎಂಬ ಪದವನ್ನು ನೋಡಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಐದು ಸಂಕೇತ: ಕ, ನ, ಹಲಂತ (ವಿರಾಮ) ಚಿಹ್ನೆ, ಇನ್ನೊಂದು ನ, ಡ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಹಾಗಾಗಿ ಒಟ್ಟು 15 ಬೈಟ್. ಕರ್ಸರ್ ‘ಡ’ ಮೇಲಿದ್ದಾಗ ನಿಯೋವಿಮ್ ಕೊಡುವ ಕಾಲಂ 12, ಏಕೆಂದರೆ ಅದರ ಎಪಿಐ ಎಣಿಸುವುದು ಬೈಟ್‌ಗಳನ್ನು. ರಸ್ಟ್‌ನ ‘ಚಾರ್ಸ್’ ಎಣಿಸಿದರೆ ಅದೇ ಜಾಗ 4. ಈ 4ನ್ನು ಬೈಟ್ ಎಂದು ತಿಳಿದು ಸಾಲನ್ನು ಕತ್ತರಿಸಿದರೆ ಕತ್ತರಿ ಬೀಳುವುದು 3ರಿಂದ 5ರವರೆಗೆ ಹರಡಿರುವ ‘ನ’ ಅಕ್ಷರದ ನಡುವೆ. ‘ನಾಟ್ ಎ ಚಾರ್ ಬೌಂಡರಿ’ ಎಂದು ರಸ್ಟ್ ಪ್ಯಾನಿಕ್ ಆಗುತ್ತದೆ. ಇಂಗ್ಲಿಷ್‌ನಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಈ ತಪ್ಪು ಎಷ್ಟು ಪರೀಕ್ಷಿಸಿದರೂ ಹೊರಬೀಳುವುದಿಲ್ಲ.

ಪ್ಯಾನಿಕ್ ಆಗದೆಯೂ ತಪ್ಪಬಹುದು. ಬಣ್ಣ ಹಚ್ಚುವ ಎಕ್ಸ್‌ಟ್‌ಮಾರ್ಕ್ (ಬಫರ್‌ನ ಜಾಗಕ್ಕೆ ಅಂಟಿಸುವ ಗುರುತು) ಅರ್ಧ ಪದಕ್ಕೆ ನಿಲ್ಲುತ್ತಿದ್ದರೆ ಕಾಲಂ ಅನ್ನು ಸಂಕೇತಗಳಲ್ಲಿ ಎಣಿಸಿ ಕೊಟ್ಟಿದ್ದೀರಿ. ‘ಇನ್‌ವ್ಯಾಲಿಡ್ ಕಾಲಂ, ಔಟ್ ಆಫ್ ರೇಂಜ್’ ಎಂದು ಬಂದರೆ ಸಾಲಿನಲ್ಲಿರುವುದಕ್ಕಿಂತ ಹೆಚ್ಚಿನ ಬೈಟ್ ಕೇಳಿದ್ದೀರಿ, ಅಥವಾ ಸಾಲಿನ ಸಂಖ್ಯೆಯೇ ತಪ್ಪಿ ಬೇರೆ ಸಾಲಿಗೆ ಹೋಗಿದೆ. ಕರ್ಸರ್ ಕೊಡುವ ಎಪಿಐ ಸಾಲನ್ನು 1ರಿಂದ ಎಣಿಸುತ್ತದೆ, ಕಾಲಂ ಅನ್ನು 0ಯಿಂದ. ಬಫರ್‌ನ ಸಾಲು ಓದುವ ಎಪಿಐ ಸಾಲನ್ನೂ 0ಯಿಂದ ಎಣಿಸುತ್ತದೆ. ಇದಕ್ಕೆ ನೆನಪಿನ ಮೇಲೆ ಭರವಸೆ ಇಡದೆ ಸಾಲಿಗೊಂದು, ಬೈಟ್ ಕಾಲಂಗೊಂದು ಪ್ರತ್ಯೇಕ ಟೈಪ್ ಮಾಡಿಟ್ಟುಕೊಳ್ಳಿ. ಒಂದರ ಜಾಗದಲ್ಲಿ ಇನ್ನೊಂದನ್ನು ಕೊಟ್ಟರೆ ಕಂಪೈಲರ್ ತಾನೇ ನಿಲ್ಲಿಸುತ್ತದೆ. ರಸ್ಟ್ ಆರಿಸಿಕೊಂಡದ್ದಕ್ಕೆ ಇಂಥ ಕಡೆ ಲಾಭ ಪಡೆಯಬೇಕು.

ಭಾಷಾ ಸರ್ವರ್‌ನೊಂದಿಗೆ ಮಾತನಾಡುವ ಪ್ಲಗಿನ್ ಆಗಿದ್ದರೆ ಮೂರನೆಯ ಲೆಕ್ಕವೊಂದು ಸೇರುತ್ತದೆ. ಆ ಸರ್ವರ್ ಜೊತೆ ಮಾತನಾಡುವ ನಿಯಮಾವಳಿಯಾದ ಎಲ್‌ಎಸ್‌ಪಿ, ಬೇರೆ ಒಪ್ಪಂದ ಆಗದಿದ್ದರೆ, ಯುಟಿಎಫ್-16ರ ಘಟಕಗಳಲ್ಲಿ ಎಣಿಸುತ್ತದೆ. ಕನ್ನಡದ ಪ್ರತಿ ಸಂಕೇತವೂ ಅಲ್ಲಿ ಒಂದೇ ಘಟಕ, ಹಾಗಾಗಿ ‘ಚಾರ್ಸ್’ ಎಣಿಕೆಗೂ ಅದಕ್ಕೂ ಕನ್ನಡ ಪಠ್ಯದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ತೋರಿಸುವುದು ಇಮೋಜಿ. ಒಂದು ಸಾಮಾನ್ಯ ನಗುಮುಖಕ್ಕೆ ಯುಟಿಎಫ್-8ರಲ್ಲಿ 4 ಬೈಟ್, ಯುಟಿಎಫ್-16ರಲ್ಲಿ 2 ಘಟಕ.

ಬಫರ್‌ನಲ್ಲಿ ಇರುವುದು ಯಾವಾಗಲೂ ಸರಿಯಾದ ಯುಟಿಎಫ್-8 ಎಂದೂ ನಂಬಬಾರದು. ಬೈನರಿ ಕಡತ ತೆರೆದಿರಬಹುದು, ಹಳೆಯ ಎನ್‌ಕೋಡಿಂಗ್‌ನ ಕಡತ ಇರಬಹುದು. ಸಾಲನ್ನು ಬೈಟ್‌ಗಳಾಗಿ ಪಡೆದು, ಪಠ್ಯವಾಗಿ ಓದಲು ಯತ್ನಿಸಿ, ಆಗದಿದ್ದರೆ ಆ ಸಾಲನ್ನು ಬಿಟ್ಟು ಮುಂದೆ ಹೋಗಿ. ಅಲ್ಲಿ ‘ಅನ್‌ರ‍್ಯಾಪ್’ ಹಾಕಬೇಡಿ.

ಪದಕೋಶದ ಪರೀಕ್ಷಾ ಕಡತದಲ್ಲಿ ನಾನು ಐದು ಬಗೆಯ ಸಾಲು ಇಟ್ಟಿರುತ್ತೇನೆ: ಖಾಲಿ ಸಾಲು, ಬರೀ ಇಂಗ್ಲಿಷ್, ಒತ್ತಕ್ಷರಗಳಿರುವ ಕನ್ನಡ, ಕನ್ನಡದ ನಡುವೆ ಇಮೋಜಿ, ಬೇಕೆಂದೇ ಮುರಿದ ಒಂದು ಬೈಟ್. ಪ್ರತಿ ಸಾಲಿನ ಪ್ರತಿ ಬೈಟ್ ಕಾಲಂನಲ್ಲೂ ಕರ್ಸರ್ ಇಟ್ಟಂತೆ ಪ್ಲಗಿನ್ ಅನ್ನು ಕರೆಯುವ ಒಂದು ಲೂಪ್ ಬರೆದು, ‘ಎನ್‌ವಿಮ್ --ಹೆಡ್‌ಲೆಸ್’ ಒಳಗೆ ಪ್ರತಿ ಬಿಲ್ಡ್‌ನ ನಂತರ ಓಡಿಸಿ.